ಪೀಠವೆಂಬ ಪರಿಗ್ರಹ: ಕ್ಯಾಥೊಲಿಕ್ ಸಂನ್ಯಾಸಿ ಸಂಘಗಳಲ್ಲಿ ನಾಯಕನ ಹೊಣೆ

ಮನೆ, ಮಡದಿ, ಹೊಲ, ಹೊನ್ನು ಎಲ್ಲವನ್ನೂ ತೊರೆದು ಬಂದವನಲ್ಲಿಯೂ ಕೊನೆಯವರೆಗೆ ಉಳಿದುಕೊಳ್ಳಬಲ್ಲ ಆಸೆಯೊಂದಿದೆ. ಅದು ಇನ್ನೊಬ್ಬರ ಮೇಲಿನ ಅಧಿಕಾರದ ಆಸೆ. ಜೈನಾಚಾರ್ಯರು ಪರಿಗ್ರಹವನ್ನು ಬಾಹ್ಯ ಮತ್ತು ಅಭ್ಯಂತರ ಎಂದು ವಿಭಾಗಿಸಿ, ಹೊಲ ಮನೆ ಹೊನ್ನುಗಳನ್ನು ಮೊದಲನೆಯದರಲ್ಲಿಯೂ ಮಾನ ಲೋಭಾದಿ ಕಷಾಯಗಳನ್ನು ಎರಡನೆಯದರಲ್ಲಿಯೂ ಎಣಿಸಿದ್ದು ಈ ಸೂಕ್ಷ್ಮವನ್ನು ಅರಿತೇ. ತ್ಯಾಗಿಗಳು ಒಟ್ಟುಗೂಡಿ ಬಾಳುವ ಪ್ರತಿಯೊಂದು ಸಂಘವೂ ಈ ಅಭ್ಯಂತರ ಪರಿಗ್ರಹದ ಪರೀಕ್ಷೆಗೆ ಒಳಗಾಗಲೇಬೇಕು. ನಾಯಕನಿಲ್ಲದೆ ಸಂಘವು ನಿಲ್ಲದು. ತಡೆಯುವವರಿಲ್ಲದ ನಾಯಕನಿಂದ ಸಂಘವು ಉಳಿಯದು. ಈ ಎರಡು ಸತ್ಯಗಳ ನಡುವೆ ದಾರಿಯನ್ನು ಹುಡುಕಿದವರಲ್ಲಿ ಪಶ್ಚಿಮದ ಕ್ಯಾಥೊಲಿಕ್ ಸಂನ್ಯಾಸಿ ಸಂಘಗಳೂ ಸೇರಿವೆ. ಸುಮಾರು 1500 ವರ್ಷಗಳ ಅವುಗಳ ಇತಿಹಾಸದಲ್ಲಿ ಅನುಕರಣೀಯವಾದುದೂ ಇದೆ, ಎಚ್ಚರಿಕೆಯಾಗಬೇಕಾದುದೂ ಇದೆ.

ಈ ಸಂಘಗಳನ್ನು ಸೇರುವವರು ಸಾಮಾನ್ಯವಾಗಿ ಮೂರು ವ್ರತಗಳನ್ನು ಸ್ವೀಕರಿಸುತ್ತಾರೆ: ಬಡತನ, ಬ್ರಹ್ಮಚರ್ಯ ಮತ್ತು ವಿಧೇಯತೆ. ಮೊದಲಿನ ಎರಡರ ಅರ್ಥವು ಜೈನ ವಾಚಕರಿಗೆ ಸುಲಭವಾಗಿ ತಿಳಿಯುತ್ತದೆ. ಮೂರನೆಯದು ತುಸು ಭಿನ್ನವಾದುದು. ಎಲ್ಲಿ ವಾಸಿಸಬೇಕು, ಏನನ್ನು ಓದಬೇಕು, ಯಾವ ಕೆಲಸವನ್ನು ಮಾಡಬೇಕು ಎಂಬ ನಿರ್ಣಯವನ್ನು ವ್ರತಿಯು ತನ್ನ ಮೇಲಧಿಕಾರಿಗೆ ಒಪ್ಪಿಸುತ್ತಾನೆ. ಸ್ವೇಚ್ಛೆಯನ್ನು ಗೆಲ್ಲುವುದು ಇದರ ಉದ್ದೇಶ. ಆದರೆ ಒಬ್ಬನು ತನ್ನ ಇಚ್ಛೆಯನ್ನು ಬಿಟ್ಟುಕೊಟ್ಟಾಗ ಅದು ಇನ್ನೊಬ್ಬನ ಕೈಯನ್ನು ಸೇರುತ್ತದೆ. ಆ ಕೈ ಎಂಥದು, ಅದನ್ನು ಹಿಡಿದು ನಿಲ್ಲಿಸುವವರು ಯಾರು ಎಂಬ ಪ್ರಶ್ನೆಯು ಅಲ್ಲಿಂದಲೇ ಹುಟ್ಟುತ್ತದೆ.

ಪಶ್ಚಿಮದ ಸಂನ್ಯಾಸ ಜೀವನಕ್ಕೆ ಸ್ಥಿರವಾದ ಕಟ್ಟಳೆಯನ್ನು ಕೊಟ್ಟವರು ಇಟಲಿಯ ಸಂತ ಬೆನೆಡಿಕ್ಟರು. ಅವರ ಕಾಲ ಸುಮಾರು 480ರಿಂದ 547. ಅವರ ಚರಿತೆಯನ್ನು ಮಹಾ ಗ್ರೆಗೊರಿ ಎಂದು ಖ್ಯಾತರಾದ ಪೋಪರು ಬರೆದಿಟ್ಟಿದ್ದಾರೆ. ಅದರಲ್ಲಿ ಬರುವ ಒಂದು ಪ್ರಸಂಗ ಹೀಗಿದೆ: ಬೆನೆಡಿಕ್ಟರು ಗುಹೆಯಲ್ಲಿ ಏಕಾಂತವಾಗಿ ತಪಸ್ಸು ಮಾಡುತ್ತಿದ್ದಾಗ ಸಮೀಪದ ಮಠವೊಂದರ ಸಾಧುಗಳು ಬಂದು ತಮಗೆ ನಾಯಕರಾಗಬೇಕೆಂದು ಬೇಡಿಕೊಂಡರು. ತಮ್ಮ ರೀತಿ ಅವರಿಗೆ ಹಿಡಿಸದೆಂದು ಬೆನೆಡಿಕ್ಟರು ಮೊದಲೇ ಎಚ್ಚರಿಸಿದರು, ಅವರು ಕೇಳಲಿಲ್ಲ. ಕೆಲವು ಕಾಲದಲ್ಲಿಯೇ ಶಿಸ್ತು ಅಸಹನೀಯವೆನಿಸಿ ಆ ಸಾಧುಗಳು ಅವರ ದ್ರಾಕ್ಷಾರಸದಲ್ಲಿ ವಿಷವನ್ನು ಬೆರೆಸಿದರು. ಬೆನೆಡಿಕ್ಟರು ಆಶೀರ್ವದಿಸಲು ಕೈಯೆತ್ತುತ್ತಲೇ ಪಾತ್ರೆಯು ಒಡೆಯಿತಂತೆ. ಅವರು ಯಾರನ್ನೂ ದಂಡಿಸಲಿಲ್ಲ. ದೇವರು ನಿಮ್ಮನ್ನು ಕ್ಷಮಿಸಲಿ ಎಂದು ಹೇಳಿ ಪದವಿಯನ್ನು ಅಲ್ಲಿಯೇ ಬಿಟ್ಟು ತಮ್ಮ ಏಕಾಂತಕ್ಕೆ ಮರಳಿದರು. ಪವಾಡವನ್ನು ನಂಬುವುದು ಬಿಡುವುದು ಅವರವರ ಇಚ್ಛೆ. ಬಲವಂತದಿಂದ ಯಾರನ್ನೂ ಸಾಧುವನ್ನಾಗಿ ಮಾಡಲಾಗದೆಂಬ ತಿಳಿವಳಿಕೆಯಂತೂ ಈ ಪ್ರಸಂಗದಲ್ಲಿ ಸ್ಪಷ್ಟವಾಗಿದೆ.

ಮುಂದೆ ಸುಮಾರು 529ರಲ್ಲಿ ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಮಠವನ್ನು ಸ್ಥಾಪಿಸಿದ ಬೆನೆಡಿಕ್ಟರು 73 ಅಧ್ಯಾಯಗಳ ನಿಯಮಾವಳಿಯನ್ನು ರಚಿಸಿದರು. ಇದರಲ್ಲಿ ಮಠಾಧಿಪತಿಗೆ ಸಲ್ಲುವ ಹೆಸರು 'ಅಬ್ಬಾ', ಅಂದರೆ ತಂದೆ. ಆತನ ಅಧಿಕಾರವು ದೊಡ್ಡದು. ಆದರೆ ಹೊಣೆ ಅದಕ್ಕಿಂತ ದೊಡ್ಡದು. ತನಗೆ ಒಪ್ಪಿಸಲಾದ ಪ್ರತಿಯೊಂದು ಜೀವಕ್ಕೂ ಆತನು ದೇವರ ಮುಂದೆ ಲೆಕ್ಕವನ್ನು ಒಪ್ಪಿಸಬೇಕು. ಕುಲೀನನೆಂದು ಒಬ್ಬನನ್ನು, ಗುಲಾಮನಾಗಿದ್ದವನೆಂದು ಇನ್ನೊಬ್ಬನನ್ನು ಬೇರೆಯಾಗಿ ಕಾಣಬಾರದು. ತಿದ್ದುವಾಗಲೂ ಅತಿಯಾಗಬಾರದು, ಪಾತ್ರೆಯ ಕಿಲುಬನ್ನು ಉಜ್ಜುವ ಭರದಲ್ಲಿ ಪಾತ್ರೆಯನ್ನೇ ಒಡೆದುಬಿಡಬಾರದೆಂದು ನಿಯಮಾವಳಿಯು ಎಚ್ಚರಿಸುತ್ತದೆ. ಮಹತ್ವದ ವಿಷಯವು ಬಂದಾಗ ಮಠದ ಎಲ್ಲರನ್ನೂ ಕರೆದು ಅಭಿಪ್ರಾಯವನ್ನು ಕೇಳಬೇಕು. ಅತ್ಯಂತ ಕಿರಿಯನ ಮಾತನ್ನೂ ಆಲಿಸಬೇಕು, ಏಕೆಂದರೆ ಉತ್ತಮವಾದುದು ಎಷ್ಟೋ ಸಲ ಕಿರಿಯನಿಗೇ ಹೊಳೆಯುತ್ತದೆ. ಕೊನೆಯ ನಿರ್ಣಯವು ಮಾತ್ರ ನಾಯಕನದು.

ಈ ಕೊನೆಯ ಮಾತಿನಲ್ಲಿಯೇ ನಿಯಮಾವಳಿಯ ಬಲವೂ ಇದೆ, ದೌರ್ಬಲ್ಯವೂ ಇದೆ. ನಾಯಕನು ಆತ್ಮಸಾಕ್ಷಿಯುಳ್ಳವನಾದರೆ ಇಷ್ಟು ಸಾಕು. ಇಲ್ಲವಾದರೆ ಕಿರಿಯನ ಮಾತನ್ನು ಕೇಳಿಯೂ ಆತನು ತನ್ನಿಷ್ಟದಂತೆ ನಡೆಯಬಹುದು. ಮುಂದಿನ ಶತಮಾನಗಳ ಪ್ರಯೋಗಗಳೆಲ್ಲ ಈ ಕೊರತೆಯನ್ನು ತುಂಬುವ ಪ್ರಯತ್ನಗಳೆಂದು ಹೇಳಬಹುದು.

910ರಲ್ಲಿ ಫ್ರಾನ್ಸಿನ ಕ್ಲೂನಿ ಎಂಬಲ್ಲಿ ಅಕ್ವಿಟೇನಿನ ವಿಲಿಯಂ ದೊರೆಯು ಒಂದು ಮಠಕ್ಕೆ ಭೂಮಿಯನ್ನು ದಾನಮಾಡಿದನು. ತಾನಾಗಲಿ ತನ್ನ ವಂಶದವರಾಗಲಿ ಮಠದ ಆಡಳಿತದಲ್ಲಿ ಕೈಹಾಕತಕ್ಕದ್ದಲ್ಲ ಎಂದು ದಾನಪತ್ರದಲ್ಲಿಯೇ ಬರೆಸಿದ್ದು ಆತನ ಹಿರಿಮೆ. ಸಮರ್ಥ ನಾಯಕರು ದೊರೆತುದರಿಂದ ಕ್ಲೂನಿಯು ಬೆಳೆಯಿತು. ಒದಿಲೊ 994ರಿಂದ 1049ರವರೆಗೆ, ಅವರ ಬಳಿಕ ಹ್ಯೂ 1109ರವರೆಗೆ, ಹೀಗೆ ಇಬ್ಬರೇ 115 ವರ್ಷಗಳ ಕಾಲ ಮಠವನ್ನು ನಡೆಸಿದರು. ನೂರಾರು ಶಾಖೆಗಳು ಕ್ಲೂನಿಯ ಒಬ್ಬ ಅಧಿಪತಿಯ ಕೈಕೆಳಗೆ ಬಂದವು. ಆದರೆ ಎಲ್ಲವೂ ಒಬ್ಬನನ್ನೇ ಆಶ್ರಯಿಸಿದ ವ್ಯವಸ್ಥೆಯ ಅಪಾಯವು ಮುಂದಿನವನ ಕಾಲದಲ್ಲಿ ಕಂಡುಬಂದಿತು. ಹ್ಯೂ ಅವರ ಉತ್ತರಾಧಿಕಾರಿ ಪೋನ್ಸ್ 1122ರಲ್ಲಿ ಪದವಿಯನ್ನು ಬಿಟ್ಟವನು 1125ರಲ್ಲಿ ಬಲಪ್ರಯೋಗದಿಂದ ಅದನ್ನು ಮರಳಿ ಹಿಡಿಯಲು ಯತ್ನಿಸಿ ಮಠದಲ್ಲಿ ಕಲಹವನ್ನೆಬ್ಬಿಸಿದನು. ಒಮ್ಮೆ ಬಿಟ್ಟ ಪದವಿಯೂ ಮನಸ್ಸಿನಿಂದ ಬಿಟ್ಟುಹೋಗಿರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

1098ರಲ್ಲಿ ಸೀತೊ ಎಂಬಲ್ಲಿ ಹುಟ್ಟಿದ ಸಿಸ್ಟರ್ಸಿಯನ್ ಸಂಘವು ಬೇರೆಯ ದಾರಿಯನ್ನು ಹಿಡಿಯಿತು. ಪೋಪರು 1119ರಲ್ಲಿ ಮನ್ನಣೆ ಕೊಟ್ಟ ಅದರ 'ಪ್ರೇಮಶಾಸನ'ವು ಮೂರು ಕಟ್ಟುಗಳನ್ನು ವಿಧಿಸಿತು. ಮೂಲಮಠವು ಶಾಖಾಮಠಗಳಿಂದ ಹಣವನ್ನು ಕಿತ್ತುಕೊಳ್ಳಬಾರದು. ಮೂಲಮಠದ ಅಧಿಪತಿಯು ಪ್ರತಿವರ್ಷ ಶಾಖಾಮಠಕ್ಕೆ ಹೋಗಿ ಅಲ್ಲಿಯ ಶೀಲವನ್ನು ಪರಿಶೀಲಿಸಬೇಕು. ಎಲ್ಲ ಅಧಿಪತಿಗಳೂ ವರ್ಷಕ್ಕೊಮ್ಮೆ ಸೀತೊದಲ್ಲಿ ಮಹಾಸಭೆಯಾಗಿ ಸೇರಬೇಕು. ಇವೆಲ್ಲಕ್ಕಿಂತ ಹೆಚ್ಚಿನದೆಂದರೆ, ಸೀತೊದ ಅಧಿಪತಿಯೇ ದಾರಿ ತಪ್ಪಿದರೆ ಆತನನ್ನು ತಿದ್ದುವ ಹಕ್ಕನ್ನು ಮೊದಲ ಶಾಖಾಮಠಗಳ ಅಧಿಪತಿಗಳಿಗೆ ಕೊಡಲಾಯಿತು. ತಂದೆಯನ್ನು ಮಕ್ಕಳು ತಿದ್ದಬಹುದೆಂದು ಶಾಸನದಲ್ಲಿಯೇ ಬರೆದಿಟ್ಟಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಹದಿಮೂರನೆಯ ಶತಮಾನದ ಆರಂಭದಲ್ಲಿ ಭಿಕ್ಷಾಜೀವಿಗಳಾದ ಎರಡು ಸಂಘಗಳು ತಲೆಯೆತ್ತಿದವು. ಅಸಿಸ್ಸಿಯ ಫ್ರಾನ್ಸಿಸರು ತಮ್ಮ ಸಂಘದಲ್ಲಿ ನಾಯಕನಿಗೆ ಒಡೆಯನೆಂದಾಗಲಿ ಹಿರಿಯನೆಂದಾಗಲಿ ಹೆಸರನ್ನಿಡಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಸೇವಕನೆಂಬ ಅರ್ಥವುಳ್ಳ 'ಮಿನಿಸ್ಟರ್' ಎಂಬ ಪದವನ್ನು ಆರಿಸಿಕೊಂಡರು. 1220ರಲ್ಲಿ ಅವರು ಸಂಘದ ಆಡಳಿತವನ್ನೇ ಶಿಷ್ಯನಾದ ಪೀಟರ್ ಕತಾನಿಗೆ ಒಪ್ಪಿಸಿ, ತಾವು ಕಟ್ಟಿದ ಸಂಘದಲ್ಲಿ ತಾವೇ ಒಬ್ಬ ವಿಧೇಯ ಸಹೋದರನಾಗಿ ಉಳಿದರು. ಅದೇ ವರ್ಷ ಬೊಲೊನ್ಯದಲ್ಲಿ ಸೇರಿದ ತಮ್ಮ ಸಂಘದ ಮಹಾಸಭೆಯಲ್ಲಿ ಡೊಮಿನಿಕರೂ ತಮ್ಮನ್ನು ಪದವಿಯಿಂದ ಬಿಡಿಸಬೇಕೆಂದು ಕೇಳಿಕೊಂಡರು. ಸಹೋದರರು ಒಪ್ಪದಿದ್ದಾಗ, ಸಭೆ ನಡೆಯುವಷ್ಟು ಕಾಲ ತಮ್ಮ ಮೇಲೆಯೂ ಅಧಿಕಾರವುಳ್ಳ ಪ್ರತಿನಿಧಿಗಳನ್ನು ನೇಮಿಸುವ ಏರ್ಪಾಡು ಮಾಡಿದರು. ಡೊಮಿನಿಕನ್ ಸಂಘದ ಮುಖ್ಯಸ್ಥನು ಇಂದು ಒಂಬತ್ತು ವರ್ಷಗಳ ಅವಧಿಗೆ ಚುನಾಯಿತನಾಗುತ್ತಾನೆ.

ಸ್ಥಾಪಕರ ಆದರ್ಶವು ಉತ್ತರಾಧಿಕಾರಿಗಳಿಗೆ ತಾನಾಗಿಯೇ ಬರುವುದಿಲ್ಲ. 1232ರಲ್ಲಿ ಫ್ರಾನ್ಸಿಸ್ಕನ್ ಸಂಘದ ಮುಖ್ಯಸ್ಥರಾದ ಎಲಿಯಾಸರು ಕಾರ್ಯಸಮರ್ಥರು. ಅಸಿಸ್ಸಿಯಲ್ಲಿ ಗುರುವಿನ ಸಮಾಧಿಯ ಮೇಲೆ ಭವ್ಯವಾದ ಮಂದಿರವನ್ನು ಕಟ್ಟಿಸುವ ಕಾರ್ಯವನ್ನು ಮುನ್ನಡೆಸಿದವರು. ಆದರೆ ಮಹಾಸಭೆಯನ್ನು ಕರೆಯದೆ ಒಬ್ಬರೇ ಆಳತೊಡಗಿದರು. ಸಹೋದರರ ದೂರು ರೋಮನ್ನು ಮುಟ್ಟಿತು. 1239ರಲ್ಲಿ ಒಂಬತ್ತನೆಯ ಗ್ರೆಗೊರಿ ಪೋಪರ ಸಮ್ಮುಖದಲ್ಲಿಯೇ ಸೇರಿದ ಮಹಾಸಭೆಯು ಅವರನ್ನು ಪದಚ್ಯುತಗೊಳಿಸಿತು. ಬಡತನವನ್ನೇ ಉಸಿರಾಗಿಸಿಕೊಂಡ ಗುರುವಿನ ಹೆಸರಿನಲ್ಲಿ ಎದ್ದ ಭವ್ಯ ಕಟ್ಟಡವು ಅದನ್ನು ಕಟ್ಟಿಸಿದವನನ್ನು ಕಾಪಾಡಲಿಲ್ಲ.

ಒಳಗಿನಿಂದ ಬರುವ ಕೇಡು ಇದಾದರೆ ಹೊರಗಿನಿಂದ ಬಂದ ಕೇಡು ಮತ್ತೊಂದು. ಮಠಗಳ ಆಸ್ತಿಯು ಬೆಳೆದಂತೆ ಅದರ ಮೇಲೆ ಅರಸರ ಮತ್ತು ಕುಲೀನರ ಕಣ್ಣು ಬಿದ್ದಿತು. 1516ರ ಒಪ್ಪಂದವೊಂದರಿಂದ ಫ್ರಾನ್ಸಿನ ಅರಸನಿಗೆ ಮಠಾಧಿಪತಿಗಳನ್ನು ಸೂಚಿಸುವ ಹಕ್ಕು ದೊರೆಯಿತು. ಮಠದಲ್ಲಿ ಒಂದು ದಿನವೂ ವಾಸಿಸದವರು ಅಧಿಪತಿಗಳೆನಿಸಿ ಆದಾಯವನ್ನು ಪಡೆಯತೊಡಗಿದರು. ದೊಡ್ಡ ಮನೆತನಗಳು ತಮ್ಮ ಹೆಣ್ಣುಮಕ್ಕಳಿಗೆ ಕನ್ಯಾಮಠಗಳ ಪೀಠಗಳನ್ನು ಕಾದಿರಿಸಿಕೊಂಡವು. ಪ್ಯಾರಿಸಿನ ಸಮೀಪದ ಪೋರ್ ರಾಯಲ್ ಮಠದ ಕಥೆಯು ಈ ಸ್ಥಿತಿಯ ನಡುವೆಯೇ ಮೂಡಿದ ಒಂದು ಬೆಳಕು.

ವಕೀಲ ಆಂತ್ವಾನ್ ಆರ್ನೊ ಅವರ ಮಗಳು ಆಂಜೆಲಿಕ್ ಹುಟ್ಟಿದ್ದು 1591ರಲ್ಲಿ. ಮನೆಯವರು ಆಕೆಯ ವಯಸ್ಸನ್ನು ಹೆಚ್ಚಿಸಿ ತೋರಿಸಿ ರೋಮಿನಿಂದ ಅನುಮತಿಯನ್ನು ತರಿಸಿದರು. ಹೀಗೆ 1602ರಲ್ಲಿ, ಹನ್ನೊಂದು ವರ್ಷವೂ ತುಂಬದಿದ್ದ ಬಾಲಕಿಯು ಪೋರ್ ರಾಯಲ್ ಮಠದ ಅಧ್ಯಕ್ಷೆಯಾದಳು. ವೈರಾಗ್ಯವೇನೆಂಬುದನ್ನು ಅರಿಯದ ಮಗುವಿಗೆ ಅದು ಕೇವಲ ಮನೆಯವರು ಮಾಡಿಟ್ಟ ವ್ಯವಸ್ಥೆ. 1608ರಲ್ಲಿ ಸಂಚಾರಿ ಸಾಧುವೊಬ್ಬರ ಪ್ರವಚನವನ್ನು ಕೇಳಿ ಆಕೆಯ ಮನಸ್ಸು ತಿರುಗಿತು. ತಾನು ಕುಳಿತ ಪೀಠವು ಕೇಳುವ ಬಾಳು ಎಂಥದೆಂಬುದು ಆಗ ತಿಳಿಯಿತು. ಮಠದ ಸೋದರಿಯರು ತಮ್ಮ ತಮ್ಮ ವಸ್ತುಗಳನ್ನೆಲ್ಲ ಒಟ್ಟುಗೂಡಿಸಿ ಸಮಾನವಾಗಿ ಬಾಳತೊಡಗಿದರು. ಹೊರಗಿನವರು ಮನಬಂದಂತೆ ಒಳಗೆ ಬರಬಾರದೆಂಬ ಹಳೆಯ ಕಟ್ಟಳೆಯು ಮತ್ತೆ ಜಾರಿಗೆ ಬಂದಿತು. 1609ರ ಸೆಪ್ಟೆಂಬರ್ 25ರಂದು ತಂದೆಯು ಕುಟುಂಬದವರೊಡನೆ ಬಂದು ಬಾಗಿಲನ್ನು ತಟ್ಟಿದಾಗ ಹದಿನೆಂಟರ ಆಂಜೆಲಿಕ್ ಅದನ್ನು ತೆರೆಯಲಿಲ್ಲ. ಬಾಗಿಲಿನ ಪುಟ್ಟ ಕಿಂಡಿಯಿಂದಲೇ ಮಾತನಾಡಿದಳು. ತಂದೆ ಕೋಪಗೊಂಡರು, ದುಃಖಪಟ್ಟರು, ಮಗಳು ಮೂರ್ಛೆಹೋದಳು, ಆದರೂ ಬಾಗಿಲು ತೆರೆಯಲಿಲ್ಲ. ಫ್ರೆಂಚ್ ಇತಿಹಾಸದಲ್ಲಿ ಅದು 'ಕಿಂಡಿಯ ದಿನ'ವೆಂದೇ ಪ್ರಸಿದ್ಧವಾಗಿದೆ.

ಆ ಪೀಠವನ್ನು ಕೊಡಿಸಿದ್ದೇ ಆ ತಂದೆಯ ಮನೆತನ. ಋಣವನ್ನು ತೀರಿಸಬೇಕೆಂದು ಸಂಘದ ಕಟ್ಟಳೆಯನ್ನು ಸಡಿಲಿಸಿದ್ದರೆ ಅದು ಮನೆಯ ಸೊತ್ತಾಗಿಯೇ ಉಳಿಯುತ್ತಿತ್ತು. ಇದಕ್ಕಿಂತಲೂ ಕಠಿಣವಾದ ಹೆಜ್ಜೆಯನ್ನು ಆಕೆ ಇಟ್ಟದ್ದು 1630ರಲ್ಲಿ. ಬಾಳಿನುದ್ದಕ್ಕೂ ತನಗೆ ಸಲ್ಲಬೇಕಾಗಿದ್ದ ಪದವಿಯನ್ನು ತ್ಯಜಿಸಿ, ಮುಂದೆ ಮೂರು ವರ್ಷಕ್ಕೊಮ್ಮೆ ಸೋದರಿಯರೇ ಅಧ್ಯಕ್ಷೆಯನ್ನು ಆರಿಸಬೇಕೆಂಬ ಪದ್ಧತಿಯನ್ನು ತಂದರು. ಮುಂದೆ ಆ ಮಠವು ಮತೀಯ ವಿವಾದದಲ್ಲಿ ಸಿಲುಕಿತು. 1709ರಲ್ಲಿ ಸೋದರಿಯರು ಚದುರಿಸಲ್ಪಟ್ಟರು. ಬಳಿಕ ಕಟ್ಟಡಗಳೂ ನೆಲಸಮವಾದವು. ಆದರೂ ಆ ಮುಚ್ಚಿದ ಬಾಗಿಲಿನ ನೆನಪನ್ನು ಅಳಿಸಲಾಗಲಿಲ್ಲ.

1540ರಲ್ಲಿ ಮನ್ನಣೆ ಪಡೆದ ಯೇಸುಸಭೆಯು ಮುಖ್ಯಸ್ಥನಿಗೆ ಜೀವಾವಧಿಯ ಪದವಿಯನ್ನಿತ್ತಿತು. ವಿಧೇಯತೆಗೆ ಈ ಸಭೆಯು ಕೊಟ್ಟಷ್ಟು ಪ್ರಾಶಸ್ತ್ಯವನ್ನು ಕೊಟ್ಟ ಸಂಘಗಳು ವಿರಳ. ಸ್ಥಾಪಕರಾದ ಇಗ್ನೇಷಿಯಸರಿಗೆ ಇದರ ಅಪಾಯವು ಗೊತ್ತಿತ್ತು. ಆದುದರಿಂದ ಮುಖ್ಯಸ್ಥನ ಬಳಿಯಲ್ಲಿ ಸಹಾಯಕರಿರಬೇಕು. ಆತನ ದೋಷಗಳನ್ನು ಆತನಿಗೇ ವಿನಯದಿಂದ ತಿಳಿಸುವ ಹೊಣೆಯುಳ್ಳ ಒಬ್ಬ ಎಚ್ಚರಿಸುವವನಿರಬೇಕು. ಗುರುತರವಾದ ತಪ್ಪಿಗಾಗಿ ಮಹಾಸಭೆಯು ಆತನನ್ನು ಇಳಿಸಬಹುದು ಎಂದು ವಿಧಿಸಿದರು. ಸ್ವತಃ ಇಗ್ನೇಷಿಯಸರು 1541ರಲ್ಲಿ ಆಯ್ಕೆಯಾದಾಗ ಒಪ್ಪದೆ ಮತ್ತೊಮ್ಮೆ ಮತ ಹಾಕಿಸಿದರು, 1551ರಲ್ಲಿ ರಾಜೀನಾಮೆಯನ್ನೂ ಮುಂದಿಟ್ಟರು, ಸಹೋದರರು ಬಿಡಲಿಲ್ಲ.

ಈ ಸಭೆಯ ಮುಖ್ಯಸ್ಥರಲ್ಲಿ ಪೆದ್ರೊ ಅರುಪೆ ಅವರದು ಸ್ಮರಣೀಯ ಜೀವನ. 1945ರಲ್ಲಿ ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಅವರು ಆ ನಗರದ ಅಂಚಿನಲ್ಲಿದ್ದ ಸಾಧಕರ ಮನೆಯನ್ನು ಗಾಯಾಳುಗಳ ಆಸ್ಪತ್ರೆಯಾಗಿ ಮಾಡಿದವರು. ಮೊದಲು ವೈದ್ಯಶಾಸ್ತ್ರವನ್ನು ಓದಿದ್ದುದು ಅಂದು ಉಪಯೋಗಕ್ಕೆ ಬಂದಿತು. 1965ರಲ್ಲಿ ಅವರು ಸಭೆಯ ಮುಖ್ಯಸ್ಥರಾದರು. 1980ರಲ್ಲಿ ಪದತ್ಯಾಗ ಮಾಡಬಯಸಿದಾಗ ಎರಡನೆಯ ಜಾನ್ ಪಾಲ್ ಪೋಪರು ತಡೆದರು. 1981ರ ಆಗಸ್ಟಿನಲ್ಲಿ ಪಾರ್ಶ್ವವಾಯು ಬಡಿದು ಮಾತೇ ಕುಂಠಿತವಾಯಿತು. ಪೋಪರು ಸಭೆಯ ವಾಡಿಕೆಯನ್ನು ಬದಿಗಿರಿಸಿ ತಮ್ಮ ಪ್ರತಿನಿಧಿಯನ್ನು ನೇಮಿಸಿದಾಗ ಅನೇಕ ಸದಸ್ಯರಿಗೆ ನೋವಾಯಿತು. ಅರುಪೆ ಅವರು ಮರುಮಾತಿಲ್ಲದೆ ಒಪ್ಪಿದರು. 1983ರ ಮಹಾಸಭೆಯು ಅವರ ರಾಜೀನಾಮೆಯನ್ನು ಸ್ವೀಕರಿಸಿತು. ಅವರ ವಿದಾಯದ ಮಾತನ್ನು ಬೇರೊಬ್ಬರು ಓದಬೇಕಾಯಿತು. ಆಜ್ಞೆಯನ್ನು ಕೊಡುತ್ತಿದ್ದವರು 1991ರಲ್ಲಿ ತೀರಿಕೊಳ್ಳುವವರೆಗೂ ರೋಗಶಯ್ಯೆಯಲ್ಲಿ ವಿಧೇಯತೆಯನ್ನೇ ಪಾಲಿಸಿದರು. ಅವರ ಬಳಿಕ ಬಂದ ಇಬ್ಬರು ಮುಖ್ಯಸ್ಥರು 2008 ಮತ್ತು 2016ರಲ್ಲಿ ತಾವಾಗಿಯೇ ಪದವಿಯನ್ನು ಬಿಟ್ಟುಕೊಟ್ಟರು.

ಇನ್ನು ಕಹಿಯಾದ ಅಧ್ಯಾಯವನ್ನು ಮುಚ್ಚಿಡುವುದು ಇತಿಹಾಸಕ್ಕೆ ಸಲ್ಲದು. 1941ರಲ್ಲಿ ಮೆಕ್ಸಿಕೊದಲ್ಲಿ ಮಾರ್ಸಿಯಾಲ್ ಮಾಸಿಯೆಲ್ ಎಂಬಾತನು 'ಕ್ರಿಸ್ತನ ಸೇನೆ' ಎಂಬರ್ಥದ ಹೆಸರಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು. ಅದು ಬಹು ಬೇಗ ಶ್ರೀಮಂತವೂ ಪ್ರಭಾವಶಾಲಿಯೂ ಆಯಿತು. ಅದರ ಸದಸ್ಯರು ಮೇಲಧಿಕಾರಿಯನ್ನು ಟೀಕಿಸುವುದಿಲ್ಲವೆಂಬ ವಿಶೇಷ ವ್ರತವನ್ನು ಸ್ವೀಕರಿಸಬೇಕಾಗಿತ್ತು. ತನ್ನ ವಶದಲ್ಲಿದ್ದ ಎಳೆಯರ ಮೇಲೆ ಆತನು ಲೈಂಗಿಕ ದೌರ್ಜನ್ಯವೆಸಗಿದ್ದನೆಂದು ಹಳೆಯ ಶಿಷ್ಯರು 1997ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಹೇಳಿದರು. ಸಂಘವು ಅವರನ್ನೇ ಸುಳ್ಳುಗಾರರೆಂದಿತು. 2006ರಲ್ಲಿ ರೋಮು ಆತನನ್ನು ಸಾರ್ವಜನಿಕ ಸೇವೆಯಿಂದ ದೂರವಿರಿಸಿತು. 2008ರಲ್ಲಿ ಆತನು ಸತ್ತನು. ಆ ವಿಶೇಷ ವ್ರತವನ್ನು ಹದಿನಾರನೆಯ ಬೆನೆಡಿಕ್ಟ್ ಪೋಪರು ರದ್ದುಪಡಿಸಿದರು. ಮಾಸಿಯೆಲ್ ಒಬ್ಬನೇ ಕನಿಷ್ಠ 60 ಮಂದಿ ಅಪ್ರಾಪ್ತರನ್ನು ಪೀಡಿಸಿದ್ದನೆಂದು 2019ರಲ್ಲಿ ಸಂಘವೇ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. ಆತ್ಮನಿಗ್ರಹಕ್ಕಾಗಿ ಹುಟ್ಟಿದ ವ್ರತವು ಇಲ್ಲಿ ಅಪರಾಧಕ್ಕೆ ಕಾವಲಾಯಿತು. ಸಂಘದ ಮಾನವನ್ನು ಕಾಯುವೆವೆಂದು ಬಾಯಿ ಮುಚ್ಚಿದವರು ಮಕ್ಕಳನ್ನು ಕಾಯಲಿಲ್ಲ. ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ದೋಷವೆಂದು ಬಗೆದ ಧರ್ಮದವರಿಗೆ ಈ ಮೌನದ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

1983ರಲ್ಲಿ ಜಾರಿಗೆ ಬಂದ ಕ್ಯಾಥೊಲಿಕ್ ಧರ್ಮಸಂಹಿತೆಯಲ್ಲಿ ಹಿಂದಿನ ಅನುಭವಗಳು ನಿಯಮಗಳ ರೂಪದಲ್ಲಿ ಕಾಣಿಸುತ್ತವೆ. ಮೇಲಧಿಕಾರಿಗಳ ಪದವಿಗೆ ಅವಧಿಯಿರಬೇಕು. ಸಂಘದ ಪರಮ ಮುಖ್ಯಸ್ಥನಿಗೆ ಮತ್ತು ಸ್ವಾಯತ್ತ ಮಠದ ಮೇಲಧಿಕಾರಿಗೆ ಮಾತ್ರ ಆಯಾ ಸಂಘದ ಕಟ್ಟಳೆಯು ಬೇರೆ ರೀತಿ ವಿಧಿಸಬಹುದು. ಪ್ರತಿಯೊಬ್ಬ ಮೇಲಧಿಕಾರಿಗೂ ಸಲಹಾಮಂಡಳಿಯಿರಬೇಕು. ಮೇಲಿನ ಹಂತಗಳಲ್ಲಿ ಹಣದ ಉಸ್ತುವಾರಿಯನ್ನು ನಾಯಕನಲ್ಲದ ಬೇರೊಬ್ಬನು ನೋಡಿಕೊಂಡು ಲೆಕ್ಕವನ್ನು ಒಪ್ಪಿಸಬೇಕು. ಸದಸ್ಯನು ತನ್ನ ಅಂತರಂಗವನ್ನು ತೆರೆದಿಡಬೇಕೆಂದು ಮೇಲಧಿಕಾರಿಯು ಯಾವ ರೀತಿಯಿಂದಲೂ ಒತ್ತಾಯಿಸಕೂಡದು. ನಿಯಮವಿದ್ದೂ ಮಾಸಿಯೆಲನಂಥವನು ದಶಕಗಳ ಕಾಲ ತಪ್ಪಿಸಿಕೊಂಡನೆಂಬುದು, ನಿಯಮವನ್ನು ಕೇಳುವ ಧೈರ್ಯವುಳ್ಳವರೂ ಬೇಕೆಂಬುದನ್ನು ತೋರಿಸುತ್ತದೆ.

ಜೈನ ಪರಂಪರೆಯ ತಾತ್ತ್ವಿಕ ನೆಲೆ ಬೇರೆ. ಕ್ಯಾಥೊಲಿಕ್ ಸಾಧುವು ನಾಯಕನಲ್ಲಿ ದೇವರ ಇಚ್ಛೆಯನ್ನು ಅರಸುತ್ತಾನೆ. ಜೈನ ಮುನಿಯು ಆಚಾರ್ಯರಲ್ಲಿ ರತ್ನತ್ರಯದ ಮಾರ್ಗದರ್ಶಿಯನ್ನು ಕಾಣುತ್ತಾನೆ. ಆದರೂ ಅಧಿಕಾರದ ವಿಷಯದಲ್ಲಿ ಎರಡೂ ಕಡೆಯ ಹಿರಿಯರ ವಿವೇಕವು ಒಂದೇ ಕಡೆಗೆ ಸಾಗಿರುವುದು ಗಮನಾರ್ಹ. ಮೂವತ್ತಾರು ಗುಣಗಳಿಂದ ಕೂಡಿದ ಆಚಾರ್ಯನೂ ಬೇರೊಬ್ಬರ ಸಾಕ್ಷಿಯಲ್ಲಿ ಆಲೋಚನೆ ಮಾಡಿ ಶುದ್ಧನಾಗಬೇಕು, ನಿಪುಣನಾದ ವೈದ್ಯನೂ ತನ್ನ ರೋಗವನ್ನು ಇನ್ನೊಬ್ಬ ವೈದ್ಯನಿಗೇ ಹೇಳಿಕೊಳ್ಳಬೇಕಾಗುವಂತೆ, ಎಂಬುದು ಶಿವಾರ್ಯರ 'ಭಗವತೀ ಆರಾಧನಾ' ಗ್ರಂಥದ ಆಶಯ. ಸಲ್ಲೇಖನಕ್ಕೆ ಮುನ್ನ ಆಚಾರ್ಯನು ಗಣದ ಭಾರವನ್ನು ಯೋಗ್ಯನಿಗೆ ಒಪ್ಪಿಸಿ ಎಲ್ಲರಲ್ಲಿಯೂ ಕ್ಷಮೆಯನ್ನು ಯಾಚಿಸಬೇಕೆಂಬ ವಿಧಿಯೂ ಅಲ್ಲಿದೆ. 1955ರಲ್ಲಿ ಕುಂಥಲಗಿರಿಯಲ್ಲಿ ಆಚಾರ್ಯ ಶಾಂತಿಸಾಗರರು ಶಿಷ್ಯರಾದ ವೀರಸಾಗರರಿಗೆ ಪದವನ್ನು ಒಪ್ಪಿಸಿದ್ದು ಇದೇ ಹಾದಿಯಲ್ಲಿ. 1972ರ ನವೆಂಬರ್ 22ರಂದು ನಸೀರಾಬಾದಿನಲ್ಲಿ ಆಚಾರ್ಯ ಜ್ಞಾನಸಾಗರರು, ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಜನಿಸಿದ ತಮ್ಮ ಶಿಷ್ಯ ವಿದ್ಯಾಸಾಗರರನ್ನು ಆಚಾರ್ಯಪದದಲ್ಲಿ ಕುಳ್ಳಿರಿಸಿ, ಆ ತರುಣ ಶಿಷ್ಯನನ್ನೇ ನಿರ್ಯಾಪಕಾಚಾರ್ಯರನ್ನಾಗಿ ಸ್ವೀಕರಿಸಿ ಸಲ್ಲೇಖನ ವ್ರತವನ್ನು ಬೇಡಿದರು. ಗುರುವು ಶಿಷ್ಯನ ಶಿಷ್ಯನಾದ ಆ ಕ್ಷಣದಲ್ಲಿ ಮಾನ ಕಷಾಯಕ್ಕೆ ಉಳಿಯಲು ಎಡೆಯಿರಲಿಲ್ಲ.

ಬಸದಿಯ ಆಡಳಿತ ಮಂಡಳಿಯಲ್ಲಿರುವ ಶ್ರಾವಕರು ಮುನಿಗಳಲ್ಲ. ಅವರ ಪದವಿಯೂ ಮಠಾಧಿಪತ್ಯವಲ್ಲ. ಆದರೆ ಹುಂಡಿಯ ಬೀಗದ ಕೈ, ದತ್ತಿಯ ಜಮೀನು, ಉತ್ಸವದ ಮೊದಲ ಗೌರವ, ಅಧ್ಯಕ್ಷತೆಯ ಆಸನ ಇವು ಅದೇ ಪರೀಕ್ಷೆಯನ್ನು ಒಡ್ಡುತ್ತವೆ. ಲೆಕ್ಕವನ್ನು ಬೇರೊಬ್ಬರು ನೋಡುತ್ತಿರುವರೇ, ಕಿರಿಯನ ಮಾತಿಗೆ ಸಭೆಯಲ್ಲಿ ಸ್ಥಾನವಿದೆಯೇ, ದೂರು ತಂದವನನ್ನು ಧರ್ಮದ್ರೋಹಿಯೆನ್ನದೆ ಆಲಿಸುವರೇ, ದಾನ ಕೊಟ್ಟ ಮನೆತನಕ್ಕೂ ಕಟ್ಟಳೆಯು ಅನ್ವಯಿಸುವುದೇ, ಅವಧಿ ಮುಗಿದಾಗ ಆಸನವನ್ನು ಬಿಡುವ ಮನಸ್ಸಿದೆಯೇ ಎಂಬ ಪ್ರಶ್ನೆಗಳನ್ನು ಪ್ರತಿಯೊಂದು ಧರ್ಮಸಂಸ್ಥೆಯೂ ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ. ಒಳ್ಳೆಯ ನಾಯಕನು ದೊರೆಯುವುದು ಸಂಘದ ಪುಣ್ಯ. ನಾಯಕನು ಕೆಟ್ಟಾಗ ಹೇಳುವವರಿರುವುದು, ಆತನ ಕಿವಿಗೆ ಆ ಮಾತು ಮುಟ್ಟುವ ದಾರಿಯಿರುವುದು, ಸಂಘದ ಪುರುಷಾರ್ಥ. ಪುಣ್ಯವನ್ನು ನಂಬಿ ಪುರುಷಾರ್ಥವನ್ನು ಬಿಡುವುದು ಜಿನಮಾರ್ಗವಲ್ಲ.